ಪರ-ವಿರೋಧ: ಮಣಿಸರ ಮಾರುವವರು ಮಣಿಯನ್ನೂ ಸುಡಬೇಕೆ?

ಘಾನಾದ ಕ್ರೋಬೋ ಜನರ ಗಾಜಿನ ಮಣಿಗಳಿಂದ ಸರ, ಬ್ರೇಸ್‌ಲೆಟ್ ಮಾಡಿ ಮಾರುವ ಸಣ್ಣ ಉದ್ಯಮ ಮಣಿಯನ್ನೂ ತಾನೇ ತಯಾರಿಸಬೇಕೆ, ಅಥವಾ ಸಂತೆಯಲ್ಲಿ ಕೊಂಡು ಪೋಣಿಸಿದರೆ ಸಾಕೆ?

ಪರ: ಒಲೆ ನಿಮ್ಮದೇ ಇರಲಿ

ಕೊಫೊರಿಡುವಾದ ಗುರುವಾರದ ಮಣಿಸಂತೆಯಲ್ಲಿ ನೀವು ಆರಿಸಿದ ಮಣಿಯನ್ನು ಪಕ್ಕದ ಅಂಗಡಿಯವರೂ ಆರಿಸಿರುತ್ತಾರೆ. ಗಿರಾಕಿ ಮೂರು ತಿಂಗಳ ಮೇಲೆ ಅದೇ ಹಳದಿ, ಅದೇ ಅಳತೆ ಕೇಳಿದರೆ ಕೊಂಡು ಮಾರುವವರು ಕೈಚೆಲ್ಲಬೇಕು. ಸುಡುವವರ ಬಳಿ ಅಚ್ಚಿದೆ, ಬಣ್ಣದ ಲೆಕ್ಕವಿದೆ.

ಸಾಮಾನೇನೂ ದುಬಾರಿಯಲ್ಲ: ಖಾಲಿ ಬಾಟಲಿ, ಕುಟ್ಟಲು ಕಬ್ಬಿಣದ ಒರಳು, ಸಣ್ಣ ಕಣ್ಣಿನ ಜರಡಿ, ಗುಳಿಗಳಿರುವ ಮಣ್ಣಿನ ಅಚ್ಚು, ಹುತ್ತದ ಮಣ್ಣಿನ ಒಲೆ. ಕುಟ್ಟುವಾಗ ಮೂಗುಬಾಯಿಗೆ ಮಾಸ್ಕ್ ಕಡ್ಡಾಯ. ಬಾಟಲಿ ನೆನೆಹಾಕಿ ಚೀಟಿ, ಅಂಟು ಪೂರ್ತಿ ತೆಗೆಯಿರಿ. ಉಳಿದರೆ ಮಣಿಯಲ್ಲಿ ಕಪ್ಪು ಚುಕ್ಕೆ. ಗುಳಿಗಳಿಗೆ ಪ್ರತಿ ಸಲವೂ ಕೆಯೊಲಿನ್ ಬಿಳಿಮಣ್ಣಿನ ನೀರು ಸವರಿ ಒಣಗಿಸದಿದ್ದರೆ ಗಾಜು ಅಚ್ಚಿಗೇ ಕಚ್ಚಿಕೊಳ್ಳುತ್ತದೆ. ಗುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟು ನೆಟ್ಟು, ಸುತ್ತ ಬಣ್ಣದ ಗಾಜಿನ ಪುಡಿ ತುಂಬುವುದು. ತೊಟ್ಟು ಉರಿದುಹೋಗಿ ರಂಧ್ರ ಉಳಿಯುತ್ತದೆ. ತೊಟ್ಟು ಓರೆಯಾಗಿ ನಿಂತಿದ್ದರೆ ರಂಧ್ರವೂ ಓರೆ, ಸರದಲ್ಲಿ ಆ ಮಣಿ ಕುಂಟುತ್ತದೆ. ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖ, ಮುಕ್ಕಾಲು ಗಂಟೆಯ ಆಸುಪಾಸು. ಶಾಖ ಸಾಲದಿದ್ದರೆ ಉಗುರು ತಾಗಿದರೂ ಪುಡಿ ಉದುರುತ್ತದೆ. ಹೆಚ್ಚಾದರೆ ಬಣ್ಣದ ಗೆರೆಗಳೆಲ್ಲ ಕಲಸಿಹೋಗುತ್ತವೆ.

ಬೆಳಕು ಹಾಯುವ ಮಣಿಗೆ ಪುಡಿ ಬೇಡ, ಗಾಜಿನ ಚೂರು ಸಾಕು, ತೊಟ್ಟೂ ಬೇಡ. ಒಲೆಯಿಂದ ತೆಗೆದ ಕೂಡಲೇ, ಮೆತ್ತಗಿರುವಾಗಲೇ, ದಬ್ಬಣದಿಂದ ಚುಚ್ಚಿ ತಿರುಗಿಸಿ ದುಂಡಗೆ ಮಾಡಬೇಕು.

ಹೊಸಬರು ಎಡವುವುದು ಬೆರಕೆಯಲ್ಲಿ. ಬಾಟಲಿ ಗಾಜಿಗೆ ಕಿಟಕಿ ಗಾಜು ಸೇರಿಸಿದರೆ, ತಣಿಯುವಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗದೆ ಮಣಿ ಬಿರಿಯಬಹುದು, ಕೆಲವೊಮ್ಮೆ ಮಾರಿದ ಮೇಲೆ. ಬಿಸಿ ಅಚ್ಚನ್ನು ಗಾಳಿಗೆ ಇಡದೆ ಮುಚ್ಚಿ ತಣಿಸಿ. ಆಮೇಲೆ ಕಲ್ಲಿನ ಮೇಲೆ ಮರಳು, ನೀರು ಹಾಕಿ ಉಜ್ಜಿ.

ಇನ್ನು ಬಣ್ಣ, ಅದರಲ್ಲಿ ಇರಬಹುದಾದ ಸೀಸ. ಐರೋಪ್ಯ ಒಕ್ಕೂಟದಲ್ಲಿ ಆಭರಣದ ಸೀಸ ತೂಕದ ಶೇ. 0.05 ಮುಟ್ಟುವಂತಿಲ್ಲ. ಕೊಂಡ ಮಣಿಯಲ್ಲಿ ಯಾವ ಬಣ್ಣ ಬಿದ್ದಿದೆಯೆಂದು ಪೋಣಿಸುವವರು ಯಾವ ಧೈರ್ಯದಿಂದ ಹೇಳುತ್ತಾರೆ?

ಸುಡುವುದು ಕಷ್ಟ ಅನ್ನುತ್ತಾರೆ. ಅಡುಗೆಯೂ ಕಷ್ಟವೇ, ಹಾಗೆಂದು ಹೋಟೆಲಿಟ್ಟವರು ಎದುರು ಹೋಟೆಲಿನ ಸಾಂಬಾರ್ ತಂದು ಬಡಿಸುವುದಿಲ್ಲ.

ವಿರೋಧ: ಪೋಣಿಸುವುದೂ ಕಸುಬೇ

ಒಲೆಯ ಬಗ್ಗೆ ಹೇಳಿದ್ದರಲ್ಲಿ ಅರ್ಧ ನನಗೂ ಒಪ್ಪಿಗೆಯೇ. ಸೀಸದ ಮಾತು ಬಿಡಿ, ಅದು ಪ್ರಯೋಗಾಲಯದವರಿಗೆ ಸೇರಿದ್ದು. ಆದರೆ ಕ್ರೋಬೋ ಜನರ ಊರುಗಳಾದ ಒಡುಮಾಸೆ, ಸೊಮಾನ್ಯಾ ಸುತ್ತ ತಲೆಮಾರುಗಳಿಂದ ಸುಡುವ ಮನೆಗಳಿರುವಾಗ ಸರ ಮಾರುವವರೆಲ್ಲ ಬಾಟಲಿ ಕುಟ್ಟುತ್ತ ಕೂರಬೇಕೆ? ಮಣಿಗಳು ಎಂದಿನಿಂದಲೂ ಊರೂರು ಸುತ್ತಿದವು. ವೆನಿಸ್‌ನ ಗಾಜು, ನಮ್ಮ ಗುಜರಾತಿನ ಖಂಭಾತ್‌ನ ಕೆಂಪು ಅಕೀಕು ಕಲ್ಲು ಶತಮಾನಗಳ ಹಿಂದೆಯೇ ಆಫ್ರಿಕಾ ಸೇರಿ ಅಲ್ಲಿನದೇ ಆದವು. ಹರೆಯಕ್ಕೆ ಬಂದ ಹುಡುಗಿಯರ ದಿಪೋ ಆಚರಣೆಯಲ್ಲಿ ಕ್ರೋಬೋ ಮನೆಯವರು ಹೊರತೆಗೆಯುವ ಹಳೆಯ ಮಣಿಗಳನ್ನು ಆ ಮನೆಯವರೇ ಸುಟ್ಟಿದ್ದೇ ಎಂದು ಯಾರೂ ಕೇಳುವುದಿಲ್ಲ.

ಸಣ್ಣ ಅಂಗಡಿ ಸೋಲುವುದು ದಾರದಲ್ಲಿ. ಪುಡಿಗಾಜಿನ ರಂಧ್ರದ ಅಂಚು ಒರಟು, ಹತ್ತಿದಾರವನ್ನು ತಿಂದುಹಾಕುತ್ತದೆ. ನೈಲಾನ್ ಹೊದಿಕೆಯ 0.5 ಮಿ.ಮೀ. ಉಕ್ಕಿನ ತಂತಿ ಬಳಸಿ. ತುದಿಗೆ 2 ಮಿ.ಮೀ. ಕ್ರಿಂಪ್ ಮಣಿ (ಅದುಮಿದರೆ ತಂತಿಯನ್ನು ಕಚ್ಚಿ ಹಿಡಿಯುವ ಸಣ್ಣ ಲೋಹದ ಮಣಿ) ತೊಡಿಸಿ ಇಕ್ಕಳದಿಂದ ಅದುಮಿ. ತೀರಾ ಬಿಗಿ ಎಳೆದರೆ ಸರ ಕಡ್ಡಿಯಂತೆ ನಿಂತು, ಮಣಿಗೆ ಮಣಿ ತಿಕ್ಕಿ ಅಂಚು ಉದುರುತ್ತದೆ, 2-3 ಮಿ.ಮೀ. ಸಡಿಲ ಬಿಡಿ, ನಡುನಡುವೆ ಸಣ್ಣ ಹಿತ್ತಾಳೆ ಮಣಿ ಹಾಕಿ. 16 ಸೆಂ.ಮೀ. ಮಣಿಕಟ್ಟಿಗೆ 18 ಸೆಂ.ಮೀ. ಬ್ರೇಸ್‌ಲೆಟ್, ದಪ್ಪ ಮಣಿಯಾದರೆ ಇನ್ನೊಂದು ಸೆಂ.ಮೀ. ಕೊಳ್ಳುವಾಗ ರಂಧ್ರಕ್ಕೆ ಸೂಜಿ ತೂರಿಸಿ ನೋಡಿ. 100 ಬೇಕಿದ್ದರೆ 115 ಕೊಳ್ಳಿ, ಓರೆಯವು ಇದ್ದೇ ಇರುತ್ತವೆ.

ಅದೇ ಹಳದಿ ಮತ್ತೆ ಬೇಕೆಂದರೆ ಸುಡುವವರಿಗೆ ಒಂದು ಮಾದರಿ ಮಣಿ, ಸ್ವಲ್ಪ ಮುಂಗಡ ಕೊಡಿ. ಹೆಚ್ಚುಕಮ್ಮಿ ಅದೇ ಬರುತ್ತದೆ. ಇವತ್ತಿನ ಹಳದಿ ನಾಳೆಯ ಒಲೆಯಲ್ಲಿ ತುಸು ಬೇರೆಯೇ ಆಗುವುದು ಸ್ವಂತ ಒಲೆ ಇದ್ದವರಿಗೂ ತಪ್ಪಿದ್ದಲ್ಲ.