ನೆಂಟರ ಮನೆಯ ಕರೆಂಟು ಕೆಲಸಕ್ಕೆ ಮಜೂರಿ ಕೇಳಬೇಕೆ?

ಪರ: ಕೇಳಲೇಬೇಕು

ಮಳೆ ಹಿಡಿದುಕೊಂಡರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೆ ಮನೆಗಳಲ್ಲಿ ಒಂದೇ ದೂರು: ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು) ಎಷ್ಟು ಸಲ ಎತ್ತಿದರೂ ನಿಲ್ಲುವುದಿಲ್ಲ. ಗೋಡೆ ತೇವ ಕುಡಿದಿರುತ್ತದೆ, ಕೊಟ್ಟಿಗೆಯ ಬಲ್ಬ್ ಹೋಲ್ಡರಿಗೆ ನೀರು ಇಳಿದಿರುತ್ತದೆ, ಇಲ್ಲವೇ ಬಚ್ಚಲಿನ ಗೀಸರಿನ ಕಾಯಿಲ್ ಸೀಳಿರುತ್ತದೆ. ಎಲ್ಲ ಎಂಸಿಬಿ (ಒಂದೊಂದು ಸರ್ಕೀಟಿಗೆ ಇರುವ, ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು) ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಏರಿಸುತ್ತ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ ಎಂದು ಬಹಳ ಜನ ತಿಳಿದಿದ್ದಾರೆ. ಕರೆಂಟು ತರುವ ಫೇಸ್ ತಂತಿಯ ದೋಷವಾದರೆ ಸಿಗುತ್ತದೆ, ನಿಜ. ಆದರೆ ಸಿಂಗಲ್ ಪೋಲ್ ಎಂಸಿಬಿ ಕತ್ತರಿಸುವುದು ಫೇಸನ್ನು ಮಾತ್ರ. ಕರೆಂಟು ಮರಳುವ ನ್ಯೂಟ್ರಲ್ ತಂತಿ ಎಲ್ಲೋ ಅರ್ಥಿಗೆ (ನೆಲಕ್ಕೆ) ತಾಗಿದ್ದರೆ ಆ ಸರ್ಕೀಟಿನ ಎಂಸಿಬಿ ಇಳಿದಿದ್ದರೂ, ಬೇರೆ ಕಡೆ ಮಿಕ್ಸಿ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಆಗ ಮೇನ್ ಇಳಿಸಿ, ಮನೆಯ ಎಲ್ಲ ಪ್ಲಗ್ ಕಿತ್ತು, ಎಲ್ಲ ನ್ಯೂಟ್ರಲ್ ತಂತಿ ಸೇರುವ ನ್ಯೂಟ್ರಲ್ ಲಿಂಕಿನಿಂದ ಒಂದೊಂದು ತಂತಿ ಬಿಚ್ಚಿ, 500 ವೋಲ್ಟ್ ಮೆಗ್ಗರ್ (ಸೋರಿಕೆ ಇದೆಯೇ ಎಂದು ಅಳೆಯುವ ಮೀಟರ್) ಇಟ್ಟು ನೋಡಬೇಕು. ಒಂದು ಮೆಗಾಓಮ್‌ಗಿಂತ ಕೆಳಗೆ ತೋರಿಸಿದ ಸರ್ಕೀಟಿನಲ್ಲಿ ಬಾಕ್ಸ್ ಬಾಕ್ಸ್ ತೆರೆಯಬೇಕು. ಅರ್ಧ ದಿನದ ಕೆಲಸ.

ನೆಂಟರ ಮನೆಯಲ್ಲಿ ಈ ಅರ್ಧ ದಿನ ಯಾರಿಗೂ ಕಾಣುವುದಿಲ್ಲ. "ಹೇಗೂ ಈ ಕಡೆ ಬರ್ತೀಯಲ್ಲ, ಒಂಚೂರು ನೋಡಿ ಹೋಗು ಮಾರಾಯ" ಎನ್ನುತ್ತಾರೆ ಭಾವ. ಎಲೆಕ್ಟ್ರಿಷಿಯನ್ ಬರುವುದು ದುಡ್ಡಿನ ಕೆಲಸ ಮುಗಿಸಿ, ಸಂಜೆ ಏಳಕ್ಕೆ, ಟೆಸ್ಟರು ಕಟಿಂಗ್ ಪ್ಲೇಯರು ಮಾತ್ರ ಹಿಡಿದುಕೊಂಡು. ಕತ್ತಲಲ್ಲಿ ಮೇನ್ ಇಳಿಸುವಂತಿಲ್ಲ, ಒಳಗೆ ಟಿವಿ ಓಡುತ್ತಿದೆ. ಕೊನೆಗೆ "ಸದ್ಯಕ್ಕೆ ನೇರ ಮಾಡಿಕೊಡು, ಮಳೆ ಕಳೀಲಿ" ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಆರ್‌ಸಿಸಿಬಿ ಬೈಪಾಸ್ ಆಗುತ್ತದೆ. 30 ಮಿಲಿ ಆಂಪಿಯರ್ ಸೋರಿದರೆ ಕಡಿದುಹಾಕಬೇಕಾದ ಸಾಧನ ಸುಮ್ಮನೆ ಪೆಟ್ಟಿಗೆಯಲ್ಲಿ ಕೂರುತ್ತದೆ. ನವೆಂಬರಿನಲ್ಲಿ ಗೋಡೆ ಒಣಗಿ ದೋಷ ತಾನೇ ಮಾಯವಾಗುವುದರಿಂದ ಬೈಪಾಸ್ ತೆಗೆಸುವ ನೆನಪು ಯಾರಿಗೂ ಬರುವುದಿಲ್ಲ. ಜಂಬಿಟ್ಟಿಗೆ ಕಲ್ಲಿನ ಗುಡ್ಡದ ಮೇಲಿನ ಮನೆಗೆ ಅರ್ಥಿಂಗ್ ಮೊದಲೇ ಸಾಲದು; ಅಲ್ಲಿ ಜೀವ ಕಾಯುವುದು ಇದೊಂದೇ ಸಾಧನ.

ಬೋರ್‌ವೆಲ್ ಮೋಟಾರು ಎತ್ತುವ ಕೆಲಸವನ್ನೂ ನೋಡಿ. 200 ಅಡಿಯಲ್ಲಿ ಮೋಟಾರು ಇದ್ದರೆ 20 ಅಡಿಯ ಹತ್ತು ಜಿಐ ಪೈಪು. ಮುಕ್ಕಾಲಿ ನಿಲ್ಲಿಸಿ, ಚೈನ್ ಪುಲ್ಲಿ ಹಾಕಿ, ಒಂದು ಕ್ಲ್ಯಾಂಪು ಕೇಸಿಂಗಿನ ಮೇಲೆ ಕೂರಿಸಿ ಇನ್ನೊಂದನ್ನು ಬಿಚ್ಚುತ್ತ, ಒಂದೊಂದು ಪೈಪಿನ ಜಾಯಿಂಟ್ ಬಿಡಿಸಬೇಕು. ಮೂರು ಜನವಿಲ್ಲದೆ ಆಗದು. ಕ್ಲ್ಯಾಂಪಿನ ಬೋಲ್ಟ್ ಸವೆದಿದ್ದರೆ ಇಡೀ ಸಾಲು ಜಾರಿ ಒಳಗೆ ಹೋಗುತ್ತದೆ, ಆಮೇಲೆ ಮೋಟಾರು ಮಾತ್ರವಲ್ಲ, ಬೋರ್‌ವೆಲ್ಲೇ ಕೈಬಿಟ್ಟು ಹೋಗಬಹುದು. ಮಾವನ ಮನೆಯೆಂದು ಮೇಸ್ತ್ರಿ ಮಜೂರಿ ಬಿಟ್ಟರೂ, ಜೊತೆಗೆ ಬಂದ ಇಬ್ಬರು ಹುಡುಗರಿಗೆ ಆ ಮನೆಯವರು ನೆಂಟರಲ್ಲ. ಅವರ ಕೂಲಿ ಮೇಸ್ತ್ರಿಯ ಜೇಬಿನಿಂದಲೇ ಹೋಗುತ್ತದೆ. (10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಸರ್ಕಾರ ಕರೆಂಟು ಪುಕ್ಕಟೆ ಕೊಡುತ್ತದೆ. ಪಂಪು ಎತ್ತುವವನನ್ನೂ ಆ ಯೋಜನೆಗೇ ಸೇರಿಸಿದ್ದಾರೆಂದು ಕೆಲವರು ತಿಳಿದ ಹಾಗಿದೆ.)

ಅದೇ ಮನೆಯವರು ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ "ನಮ್ಮವನೇ ಅಲ್ವಾ, ಸುಮ್ಮನೆ ಮರ ಹತ್ತು" ಎನ್ನುವುದಿಲ್ಲ. ಅವನ ಅಪಾಯ ಕಣ್ಣಿಗೆ ಕಾಣುತ್ತದೆ. ಕರೆಂಟಿನದು ಕಾಣುವುದಿಲ್ಲ, ಅಷ್ಟೇ.

ಪುಕ್ಕಟೆ ಕೆಲಸದಿಂದ ಮನೆಯವರಿಗೂ ನಷ್ಟವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಸೇವೆ' ಎಂಬುದರೊಳಗೆ ಹಣ ಪಡೆಯದೆ ಮಾಡಿದ ಕೆಲಸ ಬರುವುದೇ ಇಲ್ಲ. ಮಾಡಿದ್ದು ಕೆಟ್ಟರೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದಂತೆ. ನೆಂಟನ ಮೇಲೆ ಯಾರು ದೂರು ಕೊಡುತ್ತಾರೆ ಅನ್ನಬಹುದು. ಕೊಡುವುದಿಲ್ಲ, ಮಾತು ಬಿಡುತ್ತಾರೆ.

ಕೇಳುವ ರೀತಿ ಕಷ್ಟದ್ದೇನಲ್ಲ. ಪೆಟ್ಟಿಗೆ ಬಿಚ್ಚುವ ಮೊದಲೇ ಹೇಳಬೇಕು, ಕೈ ತೊಳೆದ ಮೇಲಲ್ಲ. ಸಾಮಾನು ಬೇರೆ, ಮಜೂರಿ ಬೇರೆ ಬರೆಯಬೇಕು. ಬಿಡುವುದಿದ್ದರೆ ಪೂರ್ತಿ ಮೊತ್ತ ಬರೆದು, ಬಿಟ್ಟಿದ್ದನ್ನು ಕೆಳಗೆ ಕಳೆದು ತೋರಿಸಬೇಕು. ಆಗ ಬಿಟ್ಟದ್ದೆಷ್ಟು ಎಂಬುದು ಎರಡೂ ಕಡೆಗೆ ಗೊತ್ತಿರುತ್ತದೆ.

ವಿರೋಧ: ಕೇಳಬಾರದು

ದುಡ್ಡು ಕೊಟ್ಟರೆ ಕೆಲಸ ನೆಟ್ಟಗಾಗುತ್ತದೆ ಎಂಬ ವಾದ ಕೇಳಲು ಚೆಂದ. ಈ ಕಸುಬಿನಲ್ಲಿ ಇರುವವರಿಗೆ ನಗು ಬರುತ್ತದೆ. ಮನೆ ವೈರಿಂಗಿನ ಮಜೂರಿ ನಡೆಯುವುದು ಪಾಯಿಂಟ್ (ಒಂದೊಂದು ದೀಪ, ಫ್ಯಾನು, ಸಾಕೆಟ್ಟಿನ ಜಾಗ) ಲೆಕ್ಕದಲ್ಲಿ. ದಿನಕ್ಕೆ ಎಷ್ಟು ಪಾಯಿಂಟ್ ಎಳೆದರೆ ಅಷ್ಟು ದುಡ್ಡು. ನ್ಯೂಟ್ರಲನ್ನು ಪಕ್ಕದ ಸರ್ಕೀಟಿನಿಂದ ಕದಿಯುವುದು, ಸಾಕೆಟ್ಟಿನ ಅರ್ಥ್ ತಂತಿಯನ್ನು ಬಾಕ್ಸಿನೊಳಗೇ ಕತ್ತರಿಸಿ ಬಿಡುವುದು, ಗೀಸರಿಗೆ 4 ಚದರ ಮಿಲಿಮೀಟರಿನ ಜಾಗದಲ್ಲಿ ದೀಪದ 1.5 ತಂತಿ ಎಳೆಯುವುದು, ಇವೆಲ್ಲ ಪೂರ್ತಿ ಮಜೂರಿ ಕೊಟ್ಟ ಮನೆಗಳಲ್ಲೇ ಸಿಗುತ್ತವೆ. ಅಕ್ಕನ ಮನೆಯಲ್ಲಿ, ತನ್ನ ಸೋದರಳಿಯ ಒದ್ದೆ ಕೈಯಲ್ಲಿ ಮುಟ್ಟುವ ಸ್ವಿಚ್ಚಿಗೆ, ಯಾವ ಮೇಸ್ತ್ರಿಯೂ ಹಾಗೆ ಮಾಡುವುದಿಲ್ಲ. ಸಂಜೆ ಏಳಕ್ಕೆ ಹೋಗಿ ಬೈಪಾಸ್ ಮಾಡಿ ಬರುವವನ ತಪ್ಪು ಸಂಜೆ ಏಳಕ್ಕೆ ಹೋದದ್ದು. ಅವನಿಗೆ ನೋಟು ಕೊಟ್ಟರೂ ಕತ್ತಲೆ ಕತ್ತಲೆಯೇ.

ಪುಕ್ಕಟೆ ಎಂಬುದನ್ನು ಪೇಟೆಯ ಲೆಕ್ಕದಲ್ಲಿ ನೋಡಿದರೆ ಮಲೆನಾಡಿನ ಬದುಕು ಅರ್ಥವಾಗುವುದಿಲ್ಲ. ನಾಟಿಗೆ ಮುಯ್ಯಾಳು ಹೋಗುವುದು ಇಲ್ಲಿ ಹಳೆಯ ಪದ್ಧತಿ: ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯ ಇಬ್ಬರು, ನಾಡಿದ್ದು ನಮ್ಮಲ್ಲಿಗೆ ನಿಮ್ಮವರು ಇಬ್ಬರು. ಅದು ದಾನವಲ್ಲ, ಕಾಗದವಿಲ್ಲದ ಸಾಲ. ಹಳ್ಳಿಯ ಎಲೆಕ್ಟ್ರಿಷಿಯನ್ ಬರೀ ಎಲೆಕ್ಟ್ರಿಷಿಯನ್ ಆಗಿರುವುದು ಕಡಿಮೆ; ಅವನಿಗೂ ಒಂದಿಷ್ಟು ಅಡಿಕೆ ತೋಟ ಇರುತ್ತದೆ. ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಎಂದು ಬೆರೆಸಲು ಒಬ್ಬ, ಪೈಪು ಎಳೆಯಲು ಒಬ್ಬ, ಮರ ಹತ್ತಲು ಒಬ್ಬ. ಆ ಎರಡು ದಿನ ಇಡೀ ಊರಿಗೇ ಆಳು ಬೇಕಿರುತ್ತದೆ, ದುಡ್ಡು ಹಿಡಿದು ನಿಂತರೂ ಸಿಗುವುದಿಲ್ಲ. ಭಾವ ತನ್ನ ಪಂಪು ಹೊತ್ತು ಬರುವುದು ಆಗಲೇ. ಕೊಯ್ಲಿನಲ್ಲಿ ರಾತ್ರಿ ಅಡಿಕೆ ಸುಲಿಯಲು ಕೂರುವವರೂ ಅವರೇ. ಜೂನಿನಲ್ಲಿ ಅವರಿಂದ ಮಜೂರಿ ಎಣಿಸಿಕೊಂಡವನು ಜುಲೈಯಲ್ಲಿ ಯಾವ ಬಾಯಲ್ಲಿ ಕರೆಯುತ್ತಾನೆ?

ಇನ್ನು ಮೊತ್ತ ಬರೆದು ಕಳೆದು ತೋರಿಸುವ ಉಪಾಯ. ನೆಂಟರಿಗೆ ಹಾಕಿದ ದರ ಮದುವೆ ಮನೆಯ ಪಂಕ್ತಿಯಲ್ಲಿ ಊರೆಲ್ಲ ಸುತ್ತಿ ಬರುತ್ತದೆ. ಚಿಕ್ಕಪ್ಪನಿಗೆ ಬಿಟ್ಟಿದ್ದೆಷ್ಟು, ದೊಡ್ಡಪ್ಪನಿಗೆ ಬಿಟ್ಟಿದ್ದೆಷ್ಟು ಎಂಬ ಹೋಲಿಕೆ ಶುರುವಾಗುತ್ತದೆ. ಪರಿಚಯವಿಲ್ಲದ ಗಿರಾಕಿ ಕೂಡ "ಅವರಿಗೆ ಇಷ್ಟಕ್ಕೇ ಮಾಡಿದ್ದೀರಂತೆ" ಎಂದು ಚೌಕಾಸಿಗೆ ಇಳಿಯುತ್ತಾನೆ. ಏನನ್ನೂ ತೆಗೆದುಕೊಳ್ಳದಿದ್ದರೆ ಈ ತಲೆನೋವೇ ಇಲ್ಲ.

ಎಲ್ಲವನ್ನೂ ಸುಮ್ಮನೆ ಮಾಡಿ ಎಂದು ಯಾರೂ ಹೇಳುತ್ತಿಲ್ಲ. ಬೋರ್‌ವೆಲ್ಲಿನ ಮಾತನ್ನು ಒಪ್ಪಲೇಬೇಕು: ಜೊತೆಯ ಹುಡುಗರ ಕೂಲಿ ಮನೆಯವರದ್ದು, ಸಂಜೆಯೇ, ಅವರ ಕೈಗೇ. ಸಾಮಾನಿನ ದುಡ್ಡೂ ಮನೆಯವರದ್ದೇ. ಹೊಸ ಮನೆಯ ಪೂರ್ತಿ ವೈರಿಂಗ್ ವಾರಗಟ್ಟಲೆ ಕೆಲಸ, ಅದು ರಿಪೇರಿಯ ಸಾಲಿಗೆ ಸೇರುವುದಿಲ್ಲ. ಸಹಿ ಮಾತ್ರ ಯಾವ ಕಾರಣಕ್ಕೂ ಉಪಕಾರದ ವಸ್ತುವಾಗಕೂಡದು. ಈ ಕಡೆಯ ವಿದ್ಯುತ್ ಕಂಪನಿಯಾದ ಮೆಸ್ಕಾಂಗೆ ಹೊಸ ಸಂಪರ್ಕಕ್ಕೆ ಕೊಡುವ ವೈರಿಂಗ್ ವರದಿಗೆ ಲೈಸೆನ್ಸ್ ಇರುವ ಗುತ್ತಿಗೆದಾರ ತಾನು ನೋಡದ ಮನೆಗೆ ರುಜು ಹಾಕಿದರೆ, ಅಣ್ಣನ ಮನೆಯಾದರೂ ಲೈಸೆನ್ಸಿಗೇ ಕುತ್ತು.

ಉಳಿದ ರಿಪೇರಿಗೆ ನೆಂಟರು ದುಡ್ಡು ಕೊಡಬೇಕಿಲ್ಲ, ತಯಾರಿ ಮಾಡಿಕೊಂಡಿರಬೇಕು. ಕರೆಯುವುದು ಭಾನುವಾರ ಬೆಳಿಗ್ಗೆ. ಮೊದಲೇ ಫೋನಿನಲ್ಲಿ ಹೇಳಬೇಕಾದದ್ದು: ಬೀಳುವುದು ಎಂಸಿಬಿಯೋ ಆರ್‌ಸಿಸಿಬಿಯೋ, ಎತ್ತಿದ ತಕ್ಷಣವೋ ಸ್ವಲ್ಪ ಹೊತ್ತಾದ ಮೇಲೋ, ಮಳೆ ಬಂದಾಗ ಮಾತ್ರವೋ. ಮೋಟಾರಾದರೆ ಗುಂಯ್ ಎನ್ನುತ್ತದೆಯೋ, ಪೂರ್ತಿ ಸುಮ್ಮನಿದೆಯೋ. ಗುಂಯ್ ಎಂದು ತಿರುಗದಿದ್ದರೆ ಕೆಪಾಸಿಟರ್ ಹೋಗಿರಬಹುದು, ವೋಲ್ಟೇಜು ಕಮ್ಮಿ ಇರಬಹುದು. ಪ್ಯಾನೆಲ್ಲಿನ ವೋಲ್ಟ್ ಮೀಟರ್ ಎಷ್ಟು ತೋರಿಸುತ್ತದೆ ಎಂದು ಓದಿ ಹೇಳಿದರೆ, ಬರುವಾಗಲೇ ಕೆಪಾಸಿಟರ್ ತರಬೇಕೋ ಬೇಡವೋ ತಿಳಿಯುತ್ತದೆ. ಪದೇ ಪದೇ ಬಟನ್ ಒತ್ತಿ ನೋಡುವುದು ಬೇಡ, ಸುರುಳಿ ಸುಡುವುದು ಹಾಗೆಯೇ. ಓವರ್‌ಲೋಡ್ ರಿಲೇಯ (ಮೋಟಾರು ಹೆಚ್ಚು ಕರೆಂಟು ಎಳೆದರೆ ನಿಲ್ಲಿಸುವ ಸಾಧನ) ತಿರುಪನ್ನು ತಾವೇ ಏರಿಸಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ಏಣಿ ಹೊರಗೆ ತೆಗೆದಿಟ್ಟಿರಬೇಕು, ಮೀಟರ್ ಬೋರ್ಡಿನ ಮುಂದೆ ಪೇರಿಸಿದ ಅಡಿಕೆ ಚೀಲ ಸರಿಸಿರಬೇಕು, ಫ್ರಿಜ್ಜು ಟಿವಿಗಳ ಪ್ಲಗ್ ಕಿತ್ತಿರಬೇಕು, ಮಧ್ಯಾಹ್ನದವರೆಗೆ ಕರೆಂಟು ಇರುವುದಿಲ್ಲ ಎಂದು ಮನೆಯವರಿಗೆಲ್ಲ ತಿಳಿಸಿರಬೇಕು.