ಮೂರು ಮಕ್ಕಳಿಗೆ ಒಂದೇ ಗುರಿ

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ಮೂರು ಮಕ್ಕಳ ವೈಯಕ್ತಿಕ ಶಿಕ್ಷಣ ಯೋಜನೆ ಇವತ್ತು ನೋಡಿದೆ. ಒಬ್ಬನಿಗೆ ಕಿವಿ ಮಂದ, ಒಬ್ಬಳಿಗೆ ಬೌದ್ಧಿಕ ನ್ಯೂನತೆ, ಇನ್ನೊಬ್ಬಳಿಗೆ ಓದು ಹತ್ತುತ್ತಿಲ್ಲ. ಮೂವರ ಹಾಳೆಯಲ್ಲೂ ಗುರಿ ಒಂದೇ: 'ಓದು-ಬರಹದಲ್ಲಿ ಸುಧಾರಣೆ ತರುವುದು'. ಇಬ್ಬರ ಹೆಸರಿನ ಮುಂದೆ ನ್ಯೂನತೆಯ ಶೇಕಡಾವಾರು, ಮೂರನೆಯವಳ ಮುಂದೆ 'ಸರ್ಟಿಫಿಕೇಟ್ ಬಂದಿಲ್ಲ'. ಹೆಸರಿನಲ್ಲೇ 'ವೈಯಕ್ತಿಕ' ಅಂತ ಇದೆಯಲ್ರೀ! ಸಿಟ್ಟು ಇನ್ನೂ ಇಳಿದಿಲ್ಲ.

ಸರ್ಟಿಫಿಕೇಟಿನಲ್ಲಿ ಕನಿಷ್ಠ ಶೇಕಡಾ 40 ನ್ಯೂನತೆ ಅಂತ ಇರಬೇಕು, ಇಲ್ಲ ಅನ್ನೋದಿಲ್ಲ. ಮಾಸಾಶನಕ್ಕೆ, ಬಸ್ ಪಾಸಿಗೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿರುವ 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣಕ್ಕೆ ಅದೇ ಬಾಗಿಲು. ಆದರೆ ನಾಳೆ ಬೆಳಿಗ್ಗೆ ಮಗುವನ್ನು ಎದುರಿಗೆ ಕೂರಿಸಿಕೊಂಡು ಏನು ಕಲಿಸಬೇಕು ಅನ್ನೋದನ್ನು ಯಾವ ಶೇಕಡಾವಾರೂ ಹೇಳುವುದಿಲ್ಲ.

ಮಗುವಿನ ತೊಂದರೆ ಏನು ಅಂತ ಪರೀಕ್ಷಿಸಲು ಒಂದು ಕ್ರಮ ಇದೆ. ಮೊದಲು ಕಣ್ಣು, ಕಿವಿ. ಕಿವಿ ಸೋರುವ ಮಗುವಿಗೆ ನೇರ ಬುದ್ಧಿಮಾಪನ ಮಾಡಿದರೆ, ಕೇಳಿಸದ ಪ್ರಶ್ನೆಗಳೂ ಗೊತ್ತಿಲ್ಲದ ಪ್ರಶ್ನೆಗಳ ಲೆಕ್ಕಕ್ಕೆ ಹೋಗುತ್ತವೆ. ಆಮೇಲೆ ಮನೆಮಾತು. ತಾಂಡಾದಿಂದ ಬಂದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಪುಸ್ತಕದ ಕನ್ನಡದಲ್ಲಿ ಕೇಳಿದರೆ ಸುಮ್ಮನೆ ಕೂರುತ್ತದೆ. ನಮ್ಮ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1934ರಷ್ಟು ಹಿಂದೆಯೇ, ವಿ.ವಿ. ಕಾಮತರು ಬಿನೆ ಅನ್ನೋ ಬುದ್ಧಿಮಾಪನ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು. ಭಾಷೆ ಬದಲಾದರೆ ಅಂಕ ಬದಲಾಗುತ್ತದೆ ಅನ್ನೋದು ಆಗಲೇ ಗೊತ್ತಿತ್ತು.

ಬೌದ್ಧಿಕ ನ್ಯೂನತೆಯ ಆ ಹುಡುಗಿಗೆ ಬುದ್ಧಿಮಾಪನ ಒಂದೇ ಸಾಲದು. ದಿನನಿತ್ಯದ ಕೆಲಸಗಳನ್ನು ಅಳೆಯುವ ವೈನ್‌ಲ್ಯಾಂಡ್ ಮಾಪಕದಲ್ಲಿ ತಾಯಿಯನ್ನು ಕೇಳುವುದು ಮನೆಯ ಸಂಗತಿ: ತಾನೇ ಜಳಕ ಮಾಡ್ತಾಳಾ, ಗುಂಡಿ ಹಾಕ್ಕೋತಾಳಾ, ಕಿರಾಣಿ ಅಂಗಡಿಗೆ ಹೋಗಿ ಬರ್ತಾಳಾ. ಆ ಉತ್ತರಗಳಲ್ಲೇ ಯೋಜನೆ ಸಿಗುತ್ತದೆ. ಅಂಗಡಿಗೆ ಹೋಗ್ತಾಳೆ, ಚಿಲ್ಲರೆ ತಿಳಿಯೋದಿಲ್ಲ ಅಂದರೆ ಅವಳ ಗಣಿತ 10 ರೂಪಾಯಿ ನೋಟಿನಿಂದ ಶುರುವಾಗಬೇಕು.

ಇನ್ನು ಆ ಮೂರನೆಯವಳು. ನಾಲ್ಕನೇ ತರಗತಿ. 'ಹತ್ತಿ'ಯನ್ನು 'ಹತಿ', 'ಹಳ್ಳಿ'ಯನ್ನು 'ಹಳಿ' ಅಂತ ಓದುತ್ತಾಳೆ, ಕಾಗುಣಿತ ಸರಿಯಾಗಿ ಬರುತ್ತದೆ. ಅಂದರೆ ಅವಳು ನಿಂತಿರುವುದು ಒತ್ತಕ್ಷರದ ಹತ್ತಿರ, 'ಓದು-ಬರಹ'ದ ಹತ್ತಿರ ಅಲ್ಲ. ಕನ್ನಡದಲ್ಲಿ ಕಾಗುಣಿತ, ಒತ್ತು ಸೇರಿ ನೂರಾರು ರೂಪಗಳು. ಎರಡನೇ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವುದು ತೊಂದರೆ ಅಲ್ಲ. ಕಲಿಸಿದ ಮೇಲೂ ನಾಲ್ಕನೇ ತರಗತಿಯಲ್ಲಿ ಅಲ್ಲೇ ನಿಂತಿದ್ದರೆ ಗಮನ ಬೇಕು. ಅವಳ ಹಾಳೆ ಹೀಗಿರಬೇಕಿತ್ತು: 'ಸೆಪ್ಟೆಂಬರ್ 30ರೊಳಗೆ, ಮೊದಲು ತೋರಿಸದ 10 ಸಜಾತಿ ಒತ್ತಕ್ಷರದ ಪದಗಳಲ್ಲಿ 8ನ್ನು ಸಹಾಯವಿಲ್ಲದೆ ಓದುತ್ತಾಳೆ. ವಾರಕ್ಕೆ ನಾಲ್ಕು ದಿನ, 15 ನಿಮಿಷ, ತರಗತಿ ಶಿಕ್ಷಕಿ. ಶುಕ್ರವಾರ 5 ಪದ ಓದಿಸಿ ಗುರುತು ಹಾಕುವುದು.' ಮೊದಲು ಬಾಯಲ್ಲಿ 'ಹತ್-ತಿ' ಅಂತ ಚಪ್ಪಾಳೆ ತಟ್ಟಿ ಬಿಡಿಸುವುದು, ಆಮೇಲೆ ಕಾರ್ಡು. 'ಸೂರ್ಯ', 'ಪುಸ್ತಕ'ದಂಥ ಬೇರೆ ಅಕ್ಷರದ ಒತ್ತು ಈಗಲೇ ಬೇಡ. 'ಮೊದಲು ತೋರಿಸದ' ಅನ್ನೋ ಮಾತು ಬಿಡಬಾರದು. ಅದೇ ಹತ್ತು ಪದ ದಿನಾ ತೋರಿಸಿದರೆ ಮಗು ಪದದ ಆಕಾರ ಬಾಯಿಪಾಠ ಮಾಡುತ್ತದೆ, ನಾವು ಓದು ಬಂತು ಅಂದುಕೊಳ್ಳುತ್ತೇವೆ.

ಸರ್ಟಿಫಿಕೇಟ್ ಬರಲಿ ಅಂತ ಇದನ್ನು ತಡೆದು ಕೂತದ್ದೇ ನನಗೆ ಹೆಚ್ಚು ನೋವಿನ ಸಂಗತಿ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಬೋಧನೆಯಲ್ಲೇ ಕ್ರಮ ತಗೊಳ್ಳಿ ಅನ್ನುತ್ತದೆ ಅದೇ ಕಾಯ್ದೆಯ 16ನೇ ಸೆಕ್ಷನ್. ಮೊದಲು ಸರ್ಟಿಫಿಕೇಟ್ ತನ್ನಿ ಅಂತ ಅಲ್ಲಿ ಹೇಳಿಲ್ಲ. ಸರ್ಟಿಫಿಕೇಟಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಗೋ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೋ ಹೋಗಿ ಬರುವುದು ಅದರ ಪಾಡಿಗೆ ಆಗಲಿ, ಚಪ್ಪಾಳೆ ತಟ್ಟಲು ಯಾರ ಸಹಿಯೂ ಬೇಡ.

'ತಾಲೂಕು ತುಂಬ ಶಾಲಿ ತಿರಗಬೇಕ್ರಿ, ಒಬ್ಬೊಬ್ಬರಿಗೆ ಬರಕೋತ ಕುಂದ್ರಾಕ ವ್ಯಾಳೆ ಎಲ್ಲೈತ್ರಿ?' ಅಂತ ಬಿಐಇಆರ್‌ಟಿಗಳು, ಅಂದರೆ ಇಂಥ ಮಕ್ಕಳಿಗಾಗಿ ತಾಲೂಕಿನ ಶಾಲೆಗಳಿಗೆ ಓಡಾಡುವ ಸಂಪನ್ಮೂಲ ಶಿಕ್ಷಕರು, ಕೇಳ್ತಾರೆ. ಅವರ ಓಡಾಟ ಖರೇ. ಆದರೆ ನಾನು ಹದಿನೈದು ಗುರಿ ಕೇಳುತ್ತಿಲ್ಲ. ಮಗುವಿಗೆ ಒಂದು ಗುರಿ, ಮೂರು ಸಾಲು. ಇವತ್ತು ನೋಡಿದ ನಕಲು ಹಾಳೆಗಳಲ್ಲಿ ಒಂದೊಂದರಲ್ಲೂ ಎರಡು ಪುಟ ತುಂಬಿತ್ತು.

ಪಾಲಕರೇ, ಮುಂದಿನ ಸಭೆಯಲ್ಲಿ ಮಗುವಿನ ಹಾಳೆ ಕೇಳಿ ಓದಿಸಿಕೊಳ್ಳಿ. ಗುರಿಯ ಮುಂದೆ ತಾರೀಖು, ಎಷ್ಟು, ಯಾರು ಅನ್ನೋದು ಇಲ್ಲದಿದ್ದರೆ ಬರೆಯುವ ತನಕ ಸಹಿ ಹಾಕಬೇಡಿ.