ಫ್ಯೂಜಿಗೆ ಫ್ಯಾನು ಆಗಿಬರದು

ಜಪಾನಿನ ಚಿತ್ರಕಾರ ಹೊಕುಸಾಯ್ 1831ರ ಆಸುಪಾಸಿನಲ್ಲಿ ರಚಿಸಿದ ‘ಕನಗಾವಾದ ಮಹಾ ಅಲೆ’ ಎಂಬ ಮರದಚ್ಚಿನ ಚಿತ್ರವನ್ನು ನೋಡದವರು ವಿರಳ, ಟೀ ಶರ್ಟು, ಮೊಬೈಲ್ ಕವರುಗಳ ಮೇಲೆಲ್ಲ ಅದು ಅಪ್ಪಳಿಸಿಯಾಗಿದೆ. ಆ ಚಿತ್ರದ ಪ್ರತಿಗಳನ್ನು ಕತ್ತರಿಸಿ, ಪದರ ಪದರವಾಗಿ ಅಂಟಿಸಿ, ಗಾಜಿನ ಚೌಕಟ್ಟಿನೊಳಗೆ ಅಲೆ ಎದ್ದುನಿಲ್ಲುವಂತೆ ಮಾಡುವುದು ನನ್ನ ಹವ್ಯಾಸ. ಮನೆಯವರು ಇದಕ್ಕೆ ಬೇರೊಂದು ಹೆಸರಿಟ್ಟಿದ್ದಾರೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಮಹಾನ್ ಕಲಾಕೃತಿಗೆ ಕತ್ತರಿ ಹಾಕುವುದೇ ಎಂದು ಮೂಗು ಮುರಿಯುವವರಿಗೆ ನನ್ನಲ್ಲಿ ಉತ್ತರ ಸಿದ್ಧವಿದೆ. ಕತ್ತರಿಸಿ, ಮಡಿಸಿ, ಪುಟ್ಟ ದೃಶ್ಯವಾಗಿ ನಿಲ್ಲಿಸಲೆಂದೇ ಮುದ್ರಿಸಿದ ‘ಕುಮಿಯಾಗೆ-ಎ’ ಎಂಬ ಹಾಳೆಗಳು ಎದೊ ಕಾಲದ (1603–1868) ಜಪಾನಿನಲ್ಲಿಯೇ ಇದ್ದವು. ಸ್ವತಃ ಹೊಕುಸಾಯ್ ಸಾರ್ವಜನಿಕ ಸ್ನಾನಗೃಹವೊಂದನ್ನು ಹೀಗೆ ಬಿಡಿಬಿಡಿಯಾಗಿ ಬರೆದುಕೊಟ್ಟಿದ್ದಾನೆ. ಅಂಥ ಹಾಳೆಗಳು ಇಂದು ಇಡಿಯಾಗಿ ಸಿಗುವುದು ಅಪರೂಪ, ಏಕೆಂದರೆ ಕೊಂಡವರು, ಹಾಳೆ ಹೇಳಿದ ಮಾತು ಕೇಳಿ ಕತ್ತರಿಸಿಬಿಟ್ಟರು.

ಅಲೆಯ ಚಿತ್ರದ ತೊಡಕು ಬೇರೆಯದು. ಅದರಲ್ಲಿ ದೋಣಿಯ ಹಿಂದೆ ಕಡಲಿಲ್ಲ, ಅಲೆಯ ಹಿಂದೆ ಆಕಾಶವಿಲ್ಲ. ಒಂದನ್ನು ಕತ್ತರಿಸಿ ಮೇಲೆತ್ತಿದರೆ ಅಲ್ಲೊಂದು ತೂತು. ಆದ್ದರಿಂದ ಒಂದೇ ಚಿತ್ರದ ಹಲವು ಪ್ರತಿಗಳು ಬೇಕಾಗುತ್ತವೆ. ಅಡಿಯಲ್ಲಿ ಇಡೀ ಹಾಳೆ, ಅದರ ಮೇಲೆ ಹಿನ್ನೆಲೆಯ ಫ್ಯೂಜಿ ಪರ್ವತ, ಆಮೇಲೆ ದೋಣಿಗಳು, ಎಲ್ಲಕ್ಕಿಂತ ಮುಂದೆ ದೊಡ್ಡ ಅಲೆ. ನಡುನಡುವೆ ಎರಡೂ ಕಡೆ ಅಂಟಿರುವ ಫೋಮ್ ಟೇಪು. ಪ್ರಿಂಟ್ ಅಂಗಡಿಯ ಹುಡುಗ, “ಒಂದೇ ಫೋಟೊ ಇಷ್ಟೊಂದು ಕಾಪಿ ಯಾಕೆ ಸರ್, ವೀಸಾಕ್ಕಾ?” ಎಂದು ಕೇಳಿದನಲ್ಲದೆ, ಒಂದು ಪ್ರತಿಯನ್ನು ಮಾತ್ರ ಕಾಗದಕ್ಕೆ ಸರಿಹೊಂದಲೆಂದು ತುಸು ಕುಗ್ಗಿಸಿ ಕೊಟ್ಟ. ದೋಣಿಗಳು ಆ ಪ್ರತಿಯಲ್ಲಿದ್ದವು. ಅವು ತಮ್ಮ ಜಾಗದಲ್ಲಿ ಕೂರಲೊಲ್ಲದೆ, ಅಂಬಿಗರ ಸಮೇತ ನೀರಿನಿಂದ ಹೊರಬಂದು ಆಕಾಶದಲ್ಲಿ ತೇಲಿದವು. ಜಪಾನಿನ ಅಚ್ಚಿನವರು ಬಣ್ಣಕ್ಕೊಂದರಂತೆ ಕೆತ್ತಿದ ಪ್ರತಿಯೊಂದು ಹಲಗೆಯ ಮೂಲೆಯಲ್ಲೂ ‘ಕೆಂತೊ’ ಎಂಬ ಗುರುತು ಕೊರೆದು, ಹಾಳೆಯನ್ನು ಅದಕ್ಕೇ ತಾಗಿಸಿ ಇಡುತ್ತಿದ್ದುದು ಏಕೆಂದು ಆಗ ಮನವರಿಕೆಯಾಯಿತು.

ಅಲೆಯ ತುದಿಯ ನೊರೆಯದಂತೂ ಪ್ರತ್ಯೇಕ ಕಥೆ. ನೂರಾರು ಪುಟ್ಟ ಉಗುರುಗಳು ಬಾಗಿ ಕೆಳಗಿನ ದೋಣಿಯವರನ್ನು ಪರಚಲು ಹೊರಟಂತಿರುವ ಆ ಅಂಚನ್ನು ಕಟರಿನಲ್ಲಿ ಬಿಡಿಸುವಾಗ ಬ್ಲೇಡನ್ನು ತಿರುಗಿಸಬಾರದು, ಕಾಗದವನ್ನು ತಿರುಗಿಸಬೇಕು. ಮೊನೆ ಸ್ವಲ್ಪ ಮೊಂಡಾದರೂ ಕಾಗದ ಹಿಂಜಿಕೊಂಡು ನೊರೆಗೆ ಗಡ್ಡ ಬರುತ್ತದೆ. ಕತ್ತರಿಸಿದ ಅಂಚಿನಲ್ಲಿ ಕಾಗದದ ಬಿಳುಪು ಇಣುಕದಂತೆ ಬಣ್ಣ ಬೇರೆ ಸವರಬೇಕು. ಹೊಕುಸಾಯನಿಗೆ ಹೊರದೇಶದಿಂದ ಬಂದ ಪ್ರಷ್ಯನ್ ನೀಲಿ ಒದಗಿತ್ತು. ನನಗೆ ಮಗಳ ಸ್ಕೆಚ್ ಪೆನ್ನು. ಅವಳು ಶಾಲೆಯಿಂದ ಬರುವಷ್ಟರಲ್ಲಿ ಅದರ ಜೀವ ಹೋಗಿತ್ತು. ಭೂಗೋಳದ ನಕ್ಷೆಯಲ್ಲಿ ಅರಬ್ಬೀ ಸಮುದ್ರ ಹಸಿರಾಯಿತು.

ಕರೆಂಟು ಹೋಗಿದ್ದ ಮಧ್ಯಾಹ್ನ ಫ್ಯೂಜಿಯನ್ನು ಕತ್ತರಿಸಿ ಮೇಜಿನ ಮೇಲಿಟ್ಟಿದ್ದೆ. ಜಪಾನಿನ ಅತ್ಯುನ್ನತ ಪರ್ವತವಾದರೂ ಈ ಚಿತ್ರದಲ್ಲಿ ಅದಕ್ಕೆ ಅಂಗುಲದಷ್ಟೂ ಎತ್ತರವಿಲ್ಲ. ಕರೆಂಟು ಬಂದಿತು, ಫ್ಯಾನು ತಿರುಗಿತು, 3,776 ಮೀಟರಿನ ಪರ್ವತ ಹಾರಿತು. ಮನೆಗೆಲಸದ ಅಕ್ಕನನ್ನು ವಿಚಾರಿಸಿದರೆ, “ಮೂರು ಮೂಲೆ ಚೂರು ಒಂದಿತ್ತು ಅಣ್ಣ, ಕಸದ ಗಾಡಿಗೆ ಹಾಕ್ದೆ” ಎಂದರು. ಎದೊ ಕಾಲದಲ್ಲಿ ಚಿತ್ರ ಬರೆಯಲೊಬ್ಬ, ಮರ ಕೆತ್ತಲೊಬ್ಬ, ಅಚ್ಚೊತ್ತಲೊಬ್ಬ, ಇವರಿಗೆಲ್ಲ ದುಡ್ಡು ಹಾಕಲು ಪ್ರಕಾಶಕನೊಬ್ಬ ಇರುತ್ತಿದ್ದರಂತೆ. ಫ್ಯಾನಿನ ಸ್ವಿಚ್ಚು ಕಾಯುವವನೂ ಒಬ್ಬನಿದ್ದಿದ್ದರೆ ನನಗೆ ಆಶ್ಚರ್ಯವಿಲ್ಲ.

ಅದೃಷ್ಟಕ್ಕೆ, ಈ ಅಲೆಯಿರುವ ‘ಫ್ಯೂಜಿಯ ಮೂವತ್ತಾರು ನೋಟಗಳು’ ಮಾಲಿಕೆಗೆ ಆಮೇಲೆ ಇನ್ನೂ ಹತ್ತು ಸೇರಿ ಒಟ್ಟು 46 ಚಿತ್ರಗಳಾಗಿವೆ, ಬದಲಿ ಪರ್ವತಕ್ಕೆ ಬರವಿಲ್ಲ. ‘ಕೆಂಪು ಫ್ಯೂಜಿ’ಯನ್ನೇ ಚಿಕ್ಕದಾಗಿ ಮುದ್ರಿಸಿ ತಂದು ಅಂಟಿಸಿದೆ. ಮನೆಗೆ ಬಂದ ಅತ್ತೆಯವರು ಕನ್ನಡಕ ಸರಿಮಾಡಿಕೊಂಡು, “ಸಮುದ್ರದ ಮಧ್ಯೆ ಸಮೋಸಾ ಯಾಕಿಟ್ಟಿದೀರಿ?” ಎಂದು ಕೇಳಿದರು.

ಈಗ ಕೈಗೆತ್ತಿಕೊಂಡಿರುವುದು ಜಪಾನಿನ ಇನ್ನೊಬ್ಬ ಚಿತ್ರಕಾರ ಹಿರೊಶಿಗೆ 1857ರಲ್ಲಿ ಚಿತ್ರಿಸಿದ ಸೇತುವೆಯ ಮೇಲಿನ ದಿಢೀರ್ ಮಳೆ. ಸಣ್ಣ ಗೆರೆಗಳಾಗಿ ಸುರಿಯುವ ಆ ಮಳೆಯನ್ನು ಒಂದೊಂದೇ ಎಳೆಯಾಗಿ ಬಿಡಿಸಬೇಕು, ಉಸಿರು ಬಿಟ್ಟರೂ ಹಾರುತ್ತದೆ. ಹಾಗಾಗಿ ಹಾಲಿನ ಫ್ಯಾನಿನ ಸ್ವಿಚ್ಚಿನ ಮೇಲೆ ಫೋಮ್ ಟೇಪು ಅಂಟಿಸಿದ್ದೇನೆ. ಈ ಬೇಸಿಗೆಯಲ್ಲಿ ಬೆವರೊರೆಸಿಕೊಳ್ಳುತ್ತ ಮನೆಯವರೆಲ್ಲ ದಿನಕ್ಕೆರಡು ಸಲ ಬಂದು, “ಮಳೆ ಯಾವಾಗ ನಿಲ್ಲುತ್ತೆ?” ಎಂದು ಕೇಳಿ ಹೋಗುತ್ತಿದ್ದಾರೆ.